ಹಿಮ ಬಿದ್ದರೂ ಬಾಡದ ನಾರು ತಾಳೆ: ಪದೇ ಪದೇ ಕೇಳುವ ಪ್ರಶ್ನೆಗಳು

ತಾಳೆ ಜಾತಿಯ ಮರ ಅಂದರೆ ನಮಗೆ ತೆಂಗು, ಅಡಿಕೆ, ಈಚಲು, ಬಗನಿ. ಎಲ್ಲವೂ ಬಿಸಿಲು ನಾಡಿನವು. ಚೀನಾದ ಬೆಟ್ಟಗಳಿಂದ ಬಂದು ಹಿಮ ಬೀಳುವ ಊರುಗಳಲ್ಲೂ ನೆಲೆಯೂರಿದ ಒಂದು ತಾಳೆಯ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತನ್ನು ಆದಷ್ಟೂ ಹಾಗೇ ಇಟ್ಟಿದ್ದೇವೆ.

## ಮೊದಲ ಪರಿಚಯ

ಇಂಗ್ಲೆಂಡಿನಲ್ಲಿ ನಮ್ಮ ಪಕ್ಕದ ಮನೆ ಅಂಗಳದಲ್ಲಿ ಒಂದು ತಾಳೆಮರ ಇದೆ, ಮೇಲೆ ಹಿಮ ಕೂತರೂ ಏನೂ ಆಗಲ್ಲ. ಯಾವ ಮರ ಅದು?

ಎಲೆ ಬೀಸಣಿಗೆಯ ಹಾಗೆ ಅಗಲವಾಗಿ ಸೀಳಿಕೊಂಡಿದ್ದು, ಕಾಂಡಕ್ಕೆ ಕಂದು ಬಣ್ಣದ ನಾರು ಕರಡಿ ಮೈಯಂತೆ ಮೆತ್ತಿಕೊಂಡಿದ್ದರೆ ಅದು ಟ್ರಾಕಿಕಾರ್ಪಸ್ ಫಾರ್ಚೂನಿ. ಒಂಟಿ ಕಾಂಡ, ಕವಲಿಲ್ಲ. ನಾರು ತೆಗೆದು ನೋಡಿದರೆ ಕಾಂಡದ ದಪ್ಪ 15ರಿಂದ 20 ಸೆಂ.ಮೀ. ಅಷ್ಟೇ. ಎತ್ತರ ಸಾಮಾನ್ಯವಾಗಿ 10–12 ಮೀಟರ್. ಎಲೆಯ ದಂಟಿನ ಎರಡೂ ಅಂಚಿನಲ್ಲಿ ಸಣ್ಣ ಗರಗಸದ ಹಲ್ಲುಗಳಿರುತ್ತವೆ.

ಎಲೆ ಕತ್ತಿಯಂತೆ ಉದ್ದವಾಗಿದ್ದು ಕಾಂಡ ಕವಲೊಡೆದಿದ್ದರೆ ಅದು ಬೇರೆಯೇ. ಬ್ರಿಟನ್ನಿನ ಕಡಲತೀರದ ಊರುಗಳಲ್ಲಿ 'ಪಾಮ್' ಎಂದು ತೋರಿಸುವ ಮರಗಳಲ್ಲಿ ಬಹಳಷ್ಟು ನ್ಯೂಜಿಲೆಂಡಿನ ಕಾರ್ಡಿಲೈನ್. ಅದು ತಾಳೆ ಕುಟುಂಬಕ್ಕೆ ಸೇರಿದ್ದೇ ಅಲ್ಲ.

ಕನ್ನಡದಲ್ಲಿ ಇದಕ್ಕೆ ಹೆಸರಿಲ್ವಾ?

ನಮ್ಮ ನೆಲದ ಮರವಲ್ಲ, ಹಾಗಾಗಿ ಹೆಸರೂ ಹುಟ್ಟಲಿಲ್ಲ. ಚೀನಾದವರು 'ಝೊಂಗ್‌ಲ್ಯೂ' ಅಂತಾರೆ, ಜಪಾನಿನವರು 'ಶುರೊ'. ಇಂಗ್ಲಿಷಿನಲ್ಲಿ ಚುಸಾನ್ ಪಾಮ್, ವಿಂಡ್‌ಮಿಲ್ ಪಾಮ್. ಜರ್ಮನರು ಸೆಣಬಿನ ತಾಳೆ ಎಂಬ ಅರ್ಥದ 'ಹಾನ್ಫ್‌ಪಾಲ್ಮ' ಎನ್ನುತ್ತಾರೆ. ಮರದ ಗುಣ ಹಿಡಿದಿರುವುದು ಈ ಕೊನೆಯ ಹೆಸರೇ. ಕಾಯಿಗಾಗಲಿ ಹೆಂಡಕ್ಕಾಗಲಿ ಇದನ್ನು ಬೆಳೆಸಿದ್ದಲ್ಲ, ನಾರಿಗಾಗಿ ಬೆಳೆಸಿದ್ದು. ಅದಕ್ಕೇ ಇಲ್ಲಿ 'ನಾರು ತಾಳೆ' ಎಂದೇ ಬರೆದಿದ್ದೇವೆ.

ಫಾರ್ಚೂನಿ ಅಂದ್ರೆ ಅದೃಷ್ಟದ ಗಿಡ ಅಂತ ನರ್ಸರಿಯವರು ಹೇಳಿದ್ರು. ಹೌದಾ?

ಅಲ್ಲ. ರಾಬರ್ಟ್ ಫಾರ್ಚೂನ್ ಎಂಬ ಸ್ಕಾಟ್ಲೆಂಡಿನ ಸಸ್ಯ ಸಂಗ್ರಾಹಕನ ಹೆಸರು ಅದು. ಈಸ್ಟ್ ಇಂಡಿಯಾ ಕಂಪನಿಗಾಗಿ ಚೀನಾದ ಚಹಾ ಗಿಡಗಳನ್ನು ಹಿಮಾಲಯದ ತೋಟಗಳಿಗೆ ಸಾಗಿಸಿದವನೂ ಇವನೇ. 1840ರ ದಶಕದಲ್ಲಿ ಚುಸಾನ್ ದ್ವೀಪದಲ್ಲಿ, ಅಂದರೆ ಈಗಿನ ಝೌಶಾನ್‌ನಲ್ಲಿ, ಈ ತಾಳೆಯನ್ನು ನೋಡಿ, 1849ರಲ್ಲಿ ಗಿಡಗಳನ್ನು ಲಂಡನ್ನಿನ ಕ್ಯೂ ತೋಟಕ್ಕೆ ಕಳಿಸಿದ. 1851ರಲ್ಲಿ ವಿಕ್ಟೋರಿಯಾ ರಾಣಿಯ ಆಸ್ಬರ್ನ್ ಹೌಸ್ ತೋಟಕ್ಕೂ ಒಂದು ಹೋಯಿತು. ಯುರೋಪಿಗೆ ಮೊದಲು ತಂದವನು ಮಾತ್ರ ಅವನಲ್ಲ. ಜಪಾನಿನಲ್ಲಿದ್ದ ವೈದ್ಯ ಸೀಬೋಲ್ಡ್ 1830ರಲ್ಲೇ ಹಾಲೆಂಡಿನ ಲೈಡನ್‌ಗೆ ಬೀಜ ಕಳಿಸಿದ್ದ.

ಭಾರತದಲ್ಲೂ ಇಂಥ ಮರ ಇದೆಯಂತೆ?

ಇದೇ ಮರ ಅಲ್ಲ, ಅದರ ದಾಯಾದಿಗಳು. ಉತ್ತರಾಖಂಡದ ಕುಮಾವೂಂನಲ್ಲಿ, ಪಿಥೋರಾಗಢದ ಸುತ್ತ, ಚಳಿಗಾಲದಲ್ಲಿ ಹಿಮ ಬೀಳುವ ಎತ್ತರದಲ್ಲಿ ಟ್ರಾಕಿಕಾರ್ಪಸ್ ಟಾಕಿಲ್ ಇದೆ. ಇಟಲಿಯ ಬೆಕ್ಕಾರಿ 1905ರಲ್ಲಿ ಹೆಸರಿಟ್ಟದ್ದು. ಮೇಘಾಲಯದ ಖಾಸಿ ಬೆಟ್ಟಗಳಲ್ಲಿ ಮಾರ್ಷಿಯಾನಸ್, ಡಾರ್ಜಿಲಿಂಗ್ ಕಡೆ 1997ರಲ್ಲಿ ಹೆಸರು ಪಡೆದ ಲಾಟಿಸೆಕ್ಟಸ್, ಮಣಿಪುರದಲ್ಲಿ ಉಖ್ರುಲೆನ್ಸಿಸ್. ಪಶ್ಚಿಮ ಘಟ್ಟದಲ್ಲಿ ಈ ಕುಲದ್ದು ಒಂದೂ ಇಲ್ಲ.

ನಿಜಕ್ಕೂ ಎಷ್ಟು ಚಳಿ ತಡೆಯುತ್ತೆ?

ನೆಲದಲ್ಲಿ ಬೇರೂರಿ ಕಾಂಡ ಬಂದ ಮರ ಸುಮಾರು ಮೈನಸ್ 15 ಡಿಗ್ರಿ ಸೆಲ್ಸಿಯಸ್‌ವರೆಗಿನ ರಾತ್ರಿ ತಡೆದೀತು. ಎಳೆ ಗಿಡಕ್ಕೆ ಮೈನಸ್ 8ರ ಆಸುಪಾಸಿನಲ್ಲೇ ಪೆಟ್ಟು ಶುರು. ಕುಂಡದ ಗಿಡ ಇನ್ನೂ ಮೆತ್ತಗೆ, ಏಕೆಂದರೆ ಬೇರಿನ ಸುತ್ತ ಮಣ್ಣಿನ ಕಾವಲಿಲ್ಲ. ಆದರೆ ಒಂದು ರಾತ್ರಿಯ ಅಂಕಿ ನೋಡಿ ತೀರ್ಮಾನ ಮಾಡಬೇಡಿ. ಮೈನಸ್ 12ಕ್ಕೆ ಇಳಿದು ಬೆಳಿಗ್ಗೆ ಬಿಸಿಲು ಬಂದರೆ ಗಿಡ ಮೈಕೊಡವಿ ಏಳುತ್ತದೆ. ಮೈನಸ್ 7ರಲ್ಲೇ ವಾರಗಟ್ಟಲೆ ನೆಲ ಗಟ್ಟಿಯಾಗಿ, ಜೊತೆಗೆ ಒಣಗಾಳಿ ಬೀಸಿದರೆ ಎಲೆಗೆ ನೀರು ಸಿಗದೆ ಸುಟ್ಟಂತಾಗುತ್ತದೆ.

ಇದಕ್ಕಿಂತ ಗಟ್ಟಿ ಬೇಕೆಂದರೆ ಅಮೆರಿಕದ ಆಗ್ನೇಯ ಭಾಗದ ಸೂಜಿ ತಾಳೆ ಇದೆ. ಆದರೆ ಅದು ಪೊದೆಯಂತೆ ನೆಲದಲ್ಲೇ ಕೂರುತ್ತದೆ, ಮರವಾಗಿ ಏಳುವುದಿಲ್ಲ.

## ನಾರು ಮತ್ತು ಬಳಕೆ

ನಾರು ಅಂದ್ರೆ ಮರದ ಯಾವ ಭಾಗ? ಹೇಗೆ ತೆಗೀತಾರೆ?

ತೆಂಗಿನ ಮರದ ತಲೆಯಲ್ಲಿ ಗರಿಯ ಬುಡಕ್ಕೆ ಸುತ್ತಿಕೊಂಡ ಕಂದು ಜಾಲರಿ ಬಟ್ಟೆ ನೋಡಿದ್ದೀರಲ್ಲ, ಅದೇ ಭಾಗ. ಅಡಿಕೆಯಲ್ಲಿ ಅದೇ ಹಾಳೆಯಾಗಿ ನಯವಾಗಿ ಬರುತ್ತದೆ. ಇಲ್ಲಿ ಒತ್ತಾದ ನಾರಿನ ಚಾಪೆಯಾಗಿ ಬೆಳೆದು ಕಾಂಡವನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಒಂದು ಎಲೆಗೆ ಒಂದು ಪದರ. ಮರಕ್ಕೆ ವರ್ಷಕ್ಕೆ ಸುಮಾರು ಹತ್ತು-ಹನ್ನೆರಡು ಹೊಸ ಎಲೆ, ಅಂದರೆ ತಿಂಗಳಿಗೊಂದು ಪದರದ ಲೆಕ್ಕ. ಕೊಯ್ಲು ಅದನ್ನು ಮೀರಬಾರದು.

ಮರಕ್ಕೆ ಏಳೆಂಟು ವರ್ಷವಾದ ಮೇಲೆ ಕೊಯ್ಲು ಶುರು. ಕಾಲ ವಸಂತ ಮತ್ತು ಶರತ್ಕಾಲ. ಕೊರೆಯುವ ಚಳಿಯಲ್ಲಿ ಕೈಹಾಕುವುದಿಲ್ಲ. ಮೊದಲು ಕೆಳಗಿನ ಹಳೆ ಎಲೆಯ ದಂಟನ್ನು ಕತ್ತರಿಸುತ್ತಾರೆ. ಆಮೇಲೆ ಪದರ ಕಾಂಡಕ್ಕೆ ಅಂಟಿರುವ ಬುಡದ ಗೆರೆಯಲ್ಲಿ ಬಾಗಿದ ಚೂರಿಯನ್ನು ಸುತ್ತಲೂ ಆಡಿಸಿ, ಉದ್ದಕ್ಕೆ ಒಂದು ಸೀಳು ಹಾಕಿ, ಚಾಪೆ ಬಿಚ್ಚಿದ ಹಾಗೆ ಬಿಡಿಸುತ್ತಾರೆ. ಕೈ ತಪ್ಪುವುದು ಆ ಸುತ್ತುಗೆರೆಯಲ್ಲೇ. ಚೂರಿ ಆಳಕ್ಕೆ ಇಳಿದರೆ ಕಾಂಡಕ್ಕೆ ಗಾಯ. ತಾಳೆ ಜಾತಿಯ ಕಾಂಡ ಮಾವು-ಹಲಸಿನ ಹಾಗೆ ತೊಗಟೆ ಬೆಳೆಸಿ ಗಾಯ ಮುಚ್ಚಿಕೊಳ್ಳುವುದಿಲ್ಲ, ಆ ಕಚ್ಚು ಮರ ಇರುವತನಕ ಇರುತ್ತದೆ. ಆಸೆಬುರುಕರಾಗಿ ಎಳೆ ಎಲೆಗಳ ಪದರಕ್ಕೂ ಕೈಹಾಕಿದರೆ ಎಲೆ ಕಡಿಮೆಯಾಗಿ, ಮುಂದೆ ಬೆಳೆಯುವ ಕಾಂಡ ಅಲ್ಲಿಂದ ಸಣ್ಣಗಾಗುತ್ತದೆ. ಒಂದು ಮರವನ್ನು ಯಾವ ಕಾಲದಲ್ಲಿ ಅತಿಯಾಗಿ ಸುಲಿದಿದ್ದಾರೆ ಎಂಬುದನ್ನು ಅದರ ನಡುವಿನ ಸಪೂರ ನೋಡಿಯೇ ಹೇಳಬಹುದು.

ಬಿಡಿಸಿದ ಪದರವನ್ನು ಒಣಗಿಸಿ, ಬಡಿದು ಪುಡಿ ಉದುರಿಸಿ, ಕಬ್ಬಿಣದ ಹಲ್ಲಿನ ಬಾಚಣಿಗೆಯಲ್ಲಿ ಎಳೆಯುತ್ತಾರೆ. ಉದ್ದನೆಯ ಮೆತ್ತನೆ ನಾರು ಹಗ್ಗಕ್ಕೆ, ಕುದುರೆ ಬಾಲದ ಕೂದಲಿನಂಥ ದಪ್ಪನೆಯದು ಪೊರಕೆ ಮತ್ತು ಬ್ರಷ್ಷಿಗೆ. ಪದರ ಅಚ್ಚುಕಟ್ಟಾಗಿದ್ದರೆ ಬಾಚದೆ ಬಟ್ಟೆಯ ಹಾಗೇ ಬಳಸುವುದೂ ಉಂಟು.

ಚೀನಾದ ರೈತರು ಹಳೇ ಚಿತ್ರಗಳಲ್ಲಿ ತೊಡೋ ಹುಲ್ಲಿನ ಕೋಟು ಇದರದ್ದೇನಾ? ನಮ್ಮ ಗೊರಬಿನ ಹಾಗೆ?

'ಸುವೊಯಿ' ಎನ್ನುವ ಆ ಮಳೆಯಂಗಿಯನ್ನು ಹುಲ್ಲಿನಿಂದಲೂ ಮಾಡುತ್ತಿದ್ದರು. ದಕ್ಷಿಣ ಚೀನಾದ ಗಟ್ಟಿ ಬಗೆ ಈ ನಾರಿನದ್ದು. ಕೆಲಸ ಗೊರಬಿನದ್ದೇ, ಬಾಗಿ ನಾಟಿ ಮಾಡುವಾಗ ಬೆನ್ನು ನೆನೆಯಬಾರದು. ಕಟ್ಟುವ ರೀತಿ ಮಾತ್ರ ಬೇರೆ. ಗೊರಬು ಬಿದಿರು ಕಡ್ಡಿಯ ಚೌಕಟ್ಟಿಗೆ ಎಲೆ ಹೆಣೆದ ಚಿಪ್ಪು. ತಲೆಯಿಂದ ಬೆನ್ನಿಗೆ ಕವುಚಿಕೊಳ್ಳುತ್ತದೆ. ಸುವೊಯಿ ನಾರಿನ ಪದರಗಳನ್ನು ಹೆಂಚಿನ ಹಾಗೆ ಒಂದರ ಮೇಲೊಂದು ಇಟ್ಟು, ಅದೇ ನಾರಿನ ದಾರದಲ್ಲಿ ಹೊಲಿದದ್ದು. ಭುಜಕ್ಕೊಂದು ಮೇಲಂಗಿ, ಸೊಂಟಕ್ಕೊಂದು ಕೆಳಗಿನ ತುಂಡು. ತಲೆಗೆ ಬೇರೆ ಬಿದಿರಿನ ಟೊಪ್ಪಿ. ನೀರು ನಾರಿನ ಮೇಲಿಂದಲೇ ಹರಿದು ತುದಿಯಿಂದ ತೊಟ್ಟಿಕ್ಕುತ್ತದೆ, ಒಳಗೆ ಗಾಳಿಯೂ ಆಡುತ್ತದೆ. ರಬ್ಬರ್ ಕೋಟಿನಂತೆ ಬೆವರು ಕಟ್ಟುವುದಿಲ್ಲ. ತೂಕ ಜಾಸ್ತಿ ಎಂಬುದೊಂದೇ ತೊಂದರೆ.

ಜಪಾನಿನ ಶುರೊ ಪೊರಕೆ ನೋಡಿದೆ, ಬೆಲೆ ಕೇಳಿ ತಲೆ ತಿರುಗಿತು. ಪೊರಕೆಗೆ ಅಷ್ಟು ದುಡ್ಡಾ?

ನಮ್ಮ ಹಿಡಿ ಕಡ್ಡಿಯದ್ದು, ಈಚಲು ಪೊರಕೆ ಎಲೆಯದ್ದು. ಎರಡೂ ತುದಿ ಮುರಿದು ಸವೆಯುತ್ತವೆ. ಶುರೊ ನಾರು ಬಳುಕುತ್ತದೆ, ಮುರಿಯುವುದು ಕಡಿಮೆ. ಜೋಪಾನ ಮಾಡಿದರೆ ಹತ್ತು ವರ್ಷಕ್ಕೂ ಮಿಕ್ಕಿ ಬರುತ್ತದೆ. ಜಪಾನಿನ ವಾಕಾಯಾಮಾ ಪ್ರಾಂತ್ಯ, ಅದರಲ್ಲೂ ಕೈನಾನ್ ಸುತ್ತಮುತ್ತ, ಈ ಕಸುಬಿನ ಊರು.

ನಾರನ್ನು ಹಿಡಿಹಿಡಿಯಾಗಿ ಉರುಳೆ ಕಟ್ಟಿ, ತಾಮ್ರದ ತಂತಿ ಬಿಗಿದು, ಉರುಳೆಗಳನ್ನು ಸಾಲಾಗಿ ಬಿದಿರಿನ ಹಿಡಿಕೆಗೆ ಜೋಡಿಸುತ್ತಾರೆ. ಉರುಳೆಗೆ 'ತಾಮಾ' ಎಂದು ಹೆಸರು. ಐದು, ಏಳು, ಒಂಬತ್ತು, ಹೀಗೆ ಎಷ್ಟು ತಾಮಾ ಎಂಬುದರ ಮೇಲೆ ಅಗಲ ಮತ್ತು ಬೆಲೆ. ಪದರವನ್ನು ಹಾಗೇ ಸುತ್ತಿದ್ದು ಒಂದು ದರ್ಜೆ. ಪದರದಿಂದ ದಪ್ಪ ನಾರನ್ನಷ್ಟೇ ಆಯ್ದು ಕಟ್ಟಿದ್ದು 'ಒನಿಗೆ', ಅಂದರೆ 'ರಾಕ್ಷಸ ಕೂದಲು'. ಅದು ದುಬಾರಿ. ಆ ಆಯುವ ಕೆಲಸಕ್ಕೇ ನೀವು ದುಡ್ಡು ಕೊಡುವುದು.

ಹೊಸ ಪೊರಕೆಯಿಂದ ಕೆಲವು ವಾರ ಕಂದು ಪುಡಿ ಉದುರುತ್ತದೆ. ಹಾಳಾಗಿದೆ ಎಂದು ವಾಪಸು ಕೊಡುವವರಿದ್ದಾರೆ, ಅದು ಸಹಜ. ಹೊರಗೆ ತಟ್ಟಿ, ನೀರಲ್ಲಿ ಜಾಲಾಡಿ, ನೇತು ಹಾಕಿ ಪೂರ್ತಿ ಒಣಗಿಸಿ. ತುದಿ ಕೆಳಗೆ ಮಾಡಿ ನಿಲ್ಲಿಸಿಟ್ಟರೆ ಎರಡೇ ತಿಂಗಳಲ್ಲಿ ಒಂದು ಕಡೆಗೆ ಸೊಟ್ಟಗಾಗುತ್ತದೆ. ಮೊದಲು ಕೋಣೆಗೆ, ಸವೆದ ಮೇಲೆ ಬಾಗಿಲ ಮುಂದಕ್ಕೆ, ಕೊನೆಗೆ ಅಂಗಳಕ್ಕೆ ಇಳಿಸುವುದು ಅಲ್ಲಿನ ವಾಡಿಕೆ. ಇದರ ನಾರಿನಲ್ಲಿ ಸಹಜ ಜಿಡ್ಡಿದೆ, ಮರದ ನೆಲಕ್ಕೆ ಮೆಲ್ಲಗೆ ಹೊಳಪು ಬರುತ್ತದೆ. ಮೊಸಾಯಿಕ್ ನೆಲಕ್ಕೆ ಇಷ್ಟು ದುಡ್ಡು ಸುರಿಯಬೇಕಿಲ್ಲ.

ನಮ್ಮ ತೆಂಗಿನ ನಾರಿನ ಹಗ್ಗ ಇರುವಾಗ ಇದರ ಹಗ್ಗದಲ್ಲಿ ಏನು ವಿಶೇಷ?

ಬಲದಲ್ಲಿ ತೆಂಗಿನ ಹುರಿ ಏನೂ ಕಮ್ಮಿಯಲ್ಲ. ಇದರ ವಿಶೇಷ ಎಂದರೆ ಸಣ್ಣ ದಪ್ಪದಲ್ಲೂ ನಯವಾಗಿ ಹೊಸೆಯಲು ಬರುತ್ತದೆ, ಗಂಟು ಕೂರುತ್ತದೆ, ಒದ್ದೆಯಲ್ಲಿ ಬೇಗ ಕೊಳೆಯುವುದಿಲ್ಲ. ಜಪಾನಿನ ತೋಟಗಳ ಬಿದಿರು ಬೇಲಿಗಳಲ್ಲಿ ಕಾಣುವ ಕಪ್ಪು ಗಂಟುಗಳು ಬಣ್ಣ ಹಾಕಿದ ಶುರೊ ಹಗ್ಗದವು, ದಪ್ಪ ಸುಮಾರು 3 ಮಿ.ಮೀ. ಒಣ ಹಗ್ಗದಲ್ಲಿ ಕಟ್ಟಬಾರದು. ಕಾಲು ಗಂಟೆ ನೀರಲ್ಲಿ ನೆನೆಹಾಕಿ ಮೆತ್ತಗಾದ ಮೇಲೆ ಕಟ್ಟಬೇಕು. ಒಣಗುತ್ತ ಕುಗ್ಗಿ ಗಂಟು ತಾನೇ ಬಿಗಿಯಾಗುತ್ತದೆ. ಬಾಳೆನಾರನ್ನು ನೆನೆಸಿ ಹೂ ಕಟ್ಟುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕಪ್ಪು ಹಗ್ಗ ಕೈಗೂ ಬಟ್ಟೆಗೂ ಬಣ್ಣ ಬಿಡುತ್ತದೆ, ಹಳೆ ಅಂಗಿ ಹಾಕಿಕೊಳ್ಳಿ.

ಪೊರಕೆ, ಹಗ್ಗ ಬಿಟ್ರೆ ಇನ್ನೇನು?

ಮಂಚ ಮೊದಲು. ಮರದ ಚೌಕಟ್ಟಿನ ಅಂಚಿಗೆ ತೂತು ಕೊರೆದು, ನಾರಿನ ಹಗ್ಗವನ್ನು ಓರೆಯಾಗಿ ಎಳೆದು ನೇಯ್ದ 'ಝೊಂಗ್‌ಬೆಂಗ್' ಶಾಂಘೈ ಕಡೆಯ ಮನೆಗಳಲ್ಲಿ ಇತ್ತೀಚಿನವರೆಗೂ ಇತ್ತು. ಉತ್ತರ ಕರ್ನಾಟಕದ ಹೊರಸು ನೆನಪಾದರೆ ತಪ್ಪಿಲ್ಲ. ಹೊರಸಿನಂತೆಯೇ ಇದೂ ವರ್ಷ ಕಳೆದಂತೆ ಜೋತುಬೀಳುತ್ತದೆ. 'ಮಂಚ ರಿಪೇರಿ' ಎಂದು ಗಲ್ಲಿಗಲ್ಲಿ ಕೂಗುತ್ತ ಬರುವವರ ದನಿ ಶಾಂಘೈಯ ಹಳಬರ ಕಿವಿಯಲ್ಲಿ ಇನ್ನೂ ಇದೆ.

ಹುನಾನ್ ಪ್ರಾಂತ್ಯದ ಅನ್‌ಹುವಾದಲ್ಲಿ 'ಚಿಯಾನ್‌ಲಿಯಾಂಗ್' ಎಂಬ ಚಹಾ ಕಂಬ ಮಾಡುತ್ತಾರೆ. ಮನುಷ್ಯನೆತ್ತರದ ಒಂದು ಕಂಬಕ್ಕೆ 36 ಕಿಲೋ ಮಿಕ್ಕಿ ಚಹಾ. ಒಳಗೆ ಬಿದಿರು ಜಾತಿಯ ಅಗಲ ಎಲೆ, ನಡುವೆ ಈ ತಾಳೆಯ ನಾರಿನ ಪದರ, ಹೊರಗೆ ಬಿದಿರಿನ ಹೆಣಿಗೆ. ಹಾಗೆ ಸುತ್ತಿ ನೆಲದ ಮೇಲೆ ಹೊರಳಿಸಿ ತುಳಿದು ಬಿಗಿಯುತ್ತಾರೆ. ನಡುವಿನ ಪದರ ಮಳೆನೀರು ತಡೆಯುತ್ತದೆ, ಚಹಾಕ್ಕೆ ಉಸಿರಾಡಲೂ ಬಿಡುತ್ತದೆ. ಮಳೆಯಂಗಿ ಮಾಡಿದ ಕೆಲಸವೇ.

ಮರದ ಅಚ್ಚಿನಲ್ಲಿ ಪುಸ್ತಕ ಮುದ್ರಿಸುವ ಚೀನೀ ಕಸುಬಿನಲ್ಲಿ ಶಾಯಿ ಬಳಿಯುವ ಬ್ರಷ್ಷು, ಕಾಗದದ ಬೆನ್ನು ಉಜ್ಜುವ ಸಾಧನ ಎರಡೂ ಈ ನಾರಿನವು. ಜಪಾನಿನ ಬೌದ್ಧ ದೇವಾಲಯಗಳ ದೊಡ್ಡ ಗಂಟೆ ಹೊಡೆಯುವ ತೂಗುತೊಲೆಗೆ ಈ ಮರದ ಕಾಂಡ ಹೆಸರಾದದ್ದು. ಒಳಗೆ ಮೆತ್ತನೆಯ ನಾರಿರುವುದರಿಂದ ಕಂಚಿಗೆ ಪೆಟ್ಟಾಗದೆ ನಾದ ದುಂಡಗೆ ಬರುತ್ತದೆ. ಎಲೆ ಸೀಳಿ ಅಕ್ಕಿ ಕಡುಬಿನ ಪೊಟ್ಟಣ ಕಟ್ಟುತ್ತಾರೆ, ನೊಣ ಹೊಡೆಯುವ ಬೀಸಣಿಗೆ ಮಾಡುತ್ತಾರೆ, ಮಕ್ಕಳಿಗೆ ಮಿಡತೆ ಹೆಣೆದು ಕೊಡುತ್ತಾರೆ.

ತಿನ್ನೋಕೆ ಏನಾದ್ರೂ ಸಿಗುತ್ತಾ? ಎಳನೀರು, ನೀರಾ, ಹಣ್ಣು?

ಎಳನೀರಿಲ್ಲ, ನೀರಾ ಇಳಿಸುವ ರೂಢಿಯೂ ಇಲ್ಲ. ಹಣ್ಣು ಒಂದು ಸೆಂ.ಮೀ. ಗಾತ್ರದ, ಮೂತ್ರಪಿಂಡದ ಆಕಾರದ ನೀಲಿಗಪ್ಪು ಕಾಯಿ. ಬೀಜದ ಮೇಲೆ ತೆಳು ತಿರುಳು, ತಿನ್ನುವಂಥದ್ದೇನಲ್ಲ. ತಿನ್ನುವುದು ಹೊಂಬಾಳೆಯನ್ನು. ಒಡೆಯುವ ಮುಂಚೆ ಕೊಯ್ದು ಸಿಪ್ಪೆ ಸೀಳಿದರೆ ಒಳಗೆ ಹಳದಿ ಕಾಳುಗಳು ಮೀನಿನ ಮೊಟ್ಟೆಯಂತೆ ಒತ್ತಾಗಿ ಕೂತಿರುತ್ತವೆ. ಹನ್ನೊಂದನೆಯ ಶತಮಾನದ ಚೀನೀ ಕವಿ ಸು ಶಿ ಕೂಡ ಇದೇ ಹೋಲಿಕೆ ಕೊಟ್ಟು, ರುಚಿ ಕಹಿ ಕಳಲೆಯದು ಎಂದಿದ್ದಾನೆ. ಯುನ್ನಾನ್‌ನಲ್ಲಿ ಇವತ್ತಿಗೂ ತಿನ್ನುತ್ತಾರೆ: ಹೋಳು ಮಾಡಿ ಕುದಿಸಿ, ನೀರು ಚೆಲ್ಲಿ, ತಣ್ಣೀರಲ್ಲಿ ನೆನೆಸಿಟ್ಟು, ಆಮೇಲೆ ಒಗ್ಗರಣೆ ಅಥವಾ ಸಾರು. ಕಳಲೆಗೆ ನೀರು ಬದಲಾಯಿಸುವ ತಾಳ್ಮೆ ಇದ್ದವರಿಗಷ್ಟೇ ಇದು. ಎಷ್ಟು ನೆನೆಸಿದರೂ ಸ್ವಲ್ಪ ಕಹಿ ಉಳಿಯುತ್ತದೆ.

ಸುಟ್ಟ ನಾರು ರಕ್ತಸ್ರಾವ ನಿಲ್ಲಿಸುತ್ತಂತೆ?

ಚೀನೀ ವೈದ್ಯದಲ್ಲಿ ಹಳೆ ನಾರಿನ ಪದರವನ್ನು ಮುಚ್ಚಿದ ಪಾತ್ರೆಯಲ್ಲಿ ಕರಿಕಾಗಿಸಿ ಆ ಕೆಲಸಕ್ಕೆ ಕೊಡುತ್ತಾರೆ. ಮನೆಯಲ್ಲಿ ಪ್ರಯೋಗ ಬೇಡ. ನಿಲ್ಲದ ರಕ್ತಕ್ಕೆ ಆಸ್ಪತ್ರೆಯೇ ದಾರಿ.

## ಬೆಳೆಸುವವರಿಗೆ

ಬೀಜದಿಂದ ಆಗುತ್ತಾ? ಎಷ್ಟು ದಿನ?

ಆಗುತ್ತದೆ, ತಾಜಾ ಇದ್ದರೆ. ಗಂಡು ಮರ, ಹೆಣ್ಣು ಮರ ಬೇರೆ ಬೇರೆ; ಒಂಟಿ ಮರದ ಬೀಜ ನೆಚ್ಚಬೇಡಿ. ತಿರುಳು ಉಜ್ಜಿ ತೆಗೆದು, ಎರಡು ದಿನ ನೀರಲ್ಲಿ ನೆನೆಸಿ (ನೀರು ದಿನಾ ಬದಲಿಸಿ), ಮರಳು ಬೆರೆತ ಮಣ್ಣಿನಲ್ಲಿ ಒಂದು ಸೆಂ.ಮೀ. ಆಳಕ್ಕೆ ಹಾಕಿ. 20–25 ಡಿಗ್ರಿಯಲ್ಲಿ ಒಂದರಿಂದ ಮೂರು ತಿಂಗಳಿಗೆ ಮೊಳೆಯುತ್ತದೆ. ಮೊದಲ ಎಲೆ ಹುಲ್ಲಿನಂತೆ ಒಂದೇ ಪಟ್ಟಿ. ಕಳೆ ಎಂದು ಕಿತ್ತೆಸೆದವರು ಬಹಳ ಮಂದಿ. ಬೀಸಣಿಗೆ ಎಲೆ ನೋಡಲು ಮೂರ್ನಾಲ್ಕು ವರ್ಷ. ಕಾಂಡ ಎದ್ದ ಮೇಲೆ ಚೆನ್ನಾಗಿ ಬೆಳೆದರೆ ವರ್ಷಕ್ಕೆ ಒಂದಡಿ.

ಬೆಂಗಳೂರಲ್ಲಿ ಬಾಲ್ಕನಿಯಲ್ಲಿ ಇಡಬಹುದಾ?

ಇಟ್ಟರೆ ಇರುತ್ತದೆ, ಆದರೆ ಇದು ತಂಪು ಬೇಡುವ ಗಿಡ. ಮಧ್ಯಾಹ್ನದ ಬಿಸಿಲು ತಪ್ಪಿಸಿ, ನೀರು ಬಸಿಯುವ ಮಣ್ಣು ಕೊಡಿ. ಮಡಿಕೇರಿ, ಚಿಕ್ಕಮಗಳೂರಿನ ಎತ್ತರ ಇದಕ್ಕೆ ಹೆಚ್ಚು ಹಿತ. ಮಂಗಳೂರು, ಕಾರವಾರದ ಸೆಕೆಗೆ ಬೇಡ. ಅಲ್ಲಿ ಅಡಿಕೆ ನೆಟ್ಟರೆ ಹಾಳೆಯಾದರೂ ಸಿಕ್ಕೀತು.

ಇಲ್ಲಿ ಸಿಯಾಟಲ್‌ನಲ್ಲಿ ನೆಲಕ್ಕೆ ಹಾಕಬೇಕು. ಯಾವಾಗ, ಹೇಗೆ?

ವಸಂತದ ಕೊನೆಯಲ್ಲಿ, ಮಣ್ಣು ಬೆಚ್ಚಗಾದ ಮೇಲೆ. ಬೇಸಿಗೆ ಪೂರ್ತಿ ಬೇರು ಬಿಡಲು ಸಿಗಬೇಕು. ಅಕ್ಟೋಬರಿನಲ್ಲಿ ನೆಟ್ಟ ಗಿಡವೇ ಜನವರಿಯಲ್ಲಿ ಸಾಯುವುದು. ಗುಂಡಿ ಬೇರುಗಡ್ಡೆಯ ಎರಡರಷ್ಟು ಅಗಲ, ಆಳ ಗಡ್ಡೆಯಷ್ಟೇ. ಕುಂಡದಲ್ಲಿದ್ದ ಮಟ್ಟಕ್ಕಿಂತ ಕೆಳಗೆ ಹೂಳಬೇಡಿ. ಜೇಡಿಮಣ್ಣಾದರೆ ಒಂದು ಗೇಣು ಎತ್ತರದ ದಿಬ್ಬ ಮಾಡಿ ನೆಡಿ. ಗಾಳಿಗೆ ಅಡ್ಡ ಇರಲಿ: ಬಯಲಲ್ಲಿ ನಿಂತ ಮರದ ಎಲೆ ತುದಿ ಚಿಂದಿಯಾಗಿ ಮುರಿದು ಜೋತಾಡುತ್ತದೆ, ಸಾಯುವುದಿಲ್ಲ, ಆದರೆ ನೋಡಲಾಗದು. ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ಆಳವಾಗಿ ನೀರು. ಹಳೆ ಎಲೆ ಅಂಚಿನಿಂದ ಹಳದಿಯಾದರೆ ಪೊಟ್ಯಾಷ್ ಕೊರತೆ ನೋಡಿ. ಹೊಸ ಎಲೆಯೇ ಬಿಳಿಚಿ ಮುದುರಿ ಬಂದರೆ ಮ್ಯಾಂಗನೀಸ್, ಸುಣ್ಣ ಜಾಸ್ತಿಯಿರುವ ಮಣ್ಣಿನಲ್ಲಿ ಇದು ಸಾಮಾನ್ಯ.

ಕಾಂಡದ ನಾರು ಬೋಳಿಸಿದ್ರೆ ಚೆಂದ ಕಾಣುತ್ತೆ ಅಂತಾರೆ. ಮಾಡಲಾ?

ಚಳಿ ಕಡಿಮೆ ಇರುವ ಊರಾದರೆ ನಿಮ್ಮಿಷ್ಟ. ಮೈನಸ್ ಹತ್ತಕ್ಕೆ ಇಳಿಯುವ ಊರಾದರೆ ಬೇಡವೇ ಬೇಡ. ತಾಳೆಗೆ ಬೆಳೆಯುವ ಜಾಗ ಒಂದೇ, ತುದಿಯ ಸುಳಿ. ಅದರ ಸುತ್ತಲಿನ ಪದರಗಳೇ ಮರದ ಕಂಬಳಿ. ಚೀನಾದ ರೈತ ಸುಲಿದು ಮಳೆಯಂಗಿ ಮಾಡಿಕೊಂಡಾಗಲೂ ಮೇಲಿನ ಪದರ ಬಿಟ್ಟೇ ಕೆಳಗಿನದನ್ನು ತೆಗೆದ. ತೆಗೆಯಲೇಬೇಕೆಂದರೆ ಬುಡದಿಂದ ಶುರುಮಾಡಿ, ಹಸಿರು ಎಲೆಗಳ ಕೆಳಗೆ ಎರಡಡಿ ಹಾಗೇ ಬಿಡಿ. ಎಳೆದು ಕೀಳಬೇಡಿ, ಕತ್ತರಿಸಿ.

ಮಂಜು ಕಳೆದ ಮೇಲೆ ನಡುವಿನ ಸುಳಿ ಮುಟ್ಟಿದ್ರೆ ಕೈಗೇ ಬಂತು. ಮರ ಸತ್ತೇ ಹೋಯ್ತಾ?

ಇನ್ನೂ ಇಲ್ಲ. ಸುಳಿಗೆ ಚಳಿ ಹೊಡೆದು, ನೀರು ನಿಂತು, ಕೊಳೆ ಹತ್ತಿದೆ. ತೆಂಗಿನ ಸುಳಿಕೊಳೆ ಕಂಡವರಿಗೆ ಈ ವಾಸನೆ ಗುರುತು ಸಿಗುತ್ತದೆ. ಕೊಳೆತದ್ದನ್ನು ಸ್ವಚ್ಛ ಚೂರಿಯಿಂದ ಗಟ್ಟಿ ಬಿಳಿ ಭಾಗ ಸಿಗುವವರೆಗೆ ತೆಗೆಯಿರಿ. ಒಳಗೆ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಸುರಿದರೆ ನೊರೆ ಏಳುತ್ತದೆ. ನೊರೆ ಕಮ್ಮಿಯಾಗುವವರೆಗೆ ಒಂದೆರಡು ದಿನ ಬಿಟ್ಟು ಮತ್ತೆ ಹಾಕಿ. ಆಮೇಲೆ ತಾಮ್ರದ ಶಿಲೀಂಧ್ರನಾಶಕ ಒಮ್ಮೆ. ಅಡಿಕೆ ತೋಟದವರಿಗೆ ಗೊತ್ತಿರುವ 1 ಶೇಕಡಾ ಬೋರ್ಡೋ ಸಾಕು: ಲೀಟರಿಗೆ ಮೈಲುತುತ್ತ 10 ಗ್ರಾಂ, ಸುಣ್ಣ 10 ಗ್ರಾಂ, ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಿರಿ. ಪದೇ ಪದೇ ಹಾಕಿದರೆ ತಾಮ್ರವೇ ಸುಳಿಗೆ ವಿಷ. ಮೇಲೆ ಮಳೆ ಬೀಳದಂತೆ ಮರೆ ಮಾಡಿ, ಆದರೆ ಗಾಳಿ ಆಡಬೇಕು. ಜೂನ್-ಜುಲೈ ಹೊತ್ತಿಗೆ ಹಸಿರು ಮೊಳಕೆ ಕಂಡರೆ ಬದುಕಿತು. ಮೊದಲ ಒಂದೆರಡು ಎಲೆ ಮುರುಟಿ ಬರುತ್ತವೆ, ಕತ್ತರಿಸಬೇಡಿ.

ಹಾಗಾದ್ರೆ ಚಳಿಗಾಲ ಪೂರ್ತಿ ಪ್ಲಾಸ್ಟಿಕ್ ಸುತ್ತಿಟ್ಟುಬಿಡ್ಲಾ?

ಅದರಿಂದಲೇ ಸುಳಿ ಕೊಳೆಯುವುದು ಹೆಚ್ಚು. ಬುಡಕ್ಕೆ ಒಣ ಎಲೆ ಹೊದಿಕೆ ಹಾಕಿ, ಎಲೆಗಳನ್ನು ಮೇಲಕ್ಕೆತ್ತಿ ಸಡಿಲವಾಗಿ ಕಟ್ಟಿ, ತೀವ್ರ ಚಳಿಯ ದಿನಗಳಿಗಷ್ಟೇ ಗಾಳಿಯಾಡುವ ಬಟ್ಟೆ ಸುತ್ತಿ. ಚಳಿ ಇಳಿದ ದಿನವೇ ಬಿಚ್ಚಿ.

ಹೊಸ ಎಲೆ ಬಿಚ್ಚಿದಾಗ ಕತ್ತರಿಯಲ್ಲಿ ಕೊರೆದ ಹಾಗೆ ಸಾಲಾಗಿ ತೂತುಗಳು. ಏನದು?

ದಕ್ಷಿಣ ಯುರೋಪಿನಲ್ಲಿದ್ದರೆ ಪೈಸಾಂಡಿಸಿಯಾ ಎಂಬ ದಕ್ಷಿಣ ಅಮೆರಿಕ ಮೂಲದ ಪತಂಗದ ಹುಳು. ಎಲೆ ಮಡಚಿಕೊಂಡಿದ್ದಾಗ ಒಂದೇ ಕಡೆ ಕೊರೆದದ್ದು ಬಿಚ್ಚಿದಾಗ ಸಾಲಾಗುತ್ತದೆ. ಕಾಂಡದ ನಾರಿನಲ್ಲೇ ಅದು ಮೊಟ್ಟೆ ಇಡುವುದು. ನಾರಿನ ನಡುವೆ ಮರದ ಹೊಟ್ಟಿನಂಥ ಕಸ ಹೊರಬರುತ್ತಿದೆಯಾ ನೋಡಿ, ಇದ್ದರೆ ಊರಿನ ಕೃಷಿ ಇಲಾಖೆಗೆ ತಿಳಿಸಿ. ನಮ್ಮ ತೆಂಗಿಗೆ ಬೀಳುವ ಕೆಂಪು ಮೂತಿ ಹುಳುವೂ ಯುರೋಪಿನ ತಾಳೆಗಳಿಗೆ ಬಂದಿದೆ.

ಸ್ವಿಟ್ಜರ್ಲೆಂಡಿನಲ್ಲಿ ಇದನ್ನ ಮಾರೋ ಹಾಗಿಲ್ವಂತೆ. ಅಷ್ಟು ಒಳ್ಳೇ ಮರ, ಯಾಕೆ?

2024ರ ಸೆಪ್ಟೆಂಬರ್ 1ರಿಂದ ಅಲ್ಲಿ ಮಾರುವುದು, ಉಡುಗೊರೆ ಕೊಡುವುದು, ಆಮದು ಎಲ್ಲವೂ ನಿಷಿದ್ಧ. ಈಗಾಗಲೇ ತೋಟದಲ್ಲಿರುವುದನ್ನು ಕಡಿಯಬೇಕಿಲ್ಲ. ಕಾರಣ ಟಿಚಿನೋ ಪ್ರಾಂತ್ಯದ ಕಾಡು. ತೋಟದ ಹೆಣ್ಣು ಮರಗಳ ಹಣ್ಣು ತಿಂದ ಹಕ್ಕಿಗಳು ಬೀಜ ಕಾಡಿಗೆ ಒಯ್ದವು, ಚಳಿಗಾಲ ಮೆತ್ತಗಾಗುತ್ತ ಬಂದಂತೆ ಸಸಿಗಳು ಉಳಿದವು. ಈಗ ಮರಗಳ ಕೆಳಗೆ ಬೇರೇನೂ ಹುಟ್ಟದಷ್ಟು ದಟ್ಟವಾಗಿ ಈ ತಾಳೆಯೇ ನಿಂತಿದೆ. ನಾರಿಗೆ ಬೆಳೆಸುವ ಊರಲ್ಲಿ ಸುಲಿಯುವ ಕೈಗಳಿದ್ದವು. ಅಲ್ಲಿ ಯಾರೂ ಮುಟ್ಟುವವರಿಲ್ಲ.

ನಿಮ್ಮ ಅಂಗಳದ್ದು ಹೆಣ್ಣು ಮರವಾದರೆ (ಹೂ ಹಸಿರು ಛಾಯೆಯದು, ಗಂಡಿನದು ಢಾಳಾದ ಹಳದಿ) ಹೂ ಬಾಡಿದ ಕೂಡಲೇ, ಕಾಯಿ ಬಲಿಯುವ ಮೊದಲು, ಗೊನೆಯನ್ನು ಬುಡದಲ್ಲೇ ಕತ್ತರಿಸಿ. ಏಣಿ, ಕೈಗವಸು ಎರಡೂ ಬೇಕು, ದಂಟಿನ ಹಲ್ಲು ಚರ್ಮ ಕೀಳುತ್ತದೆ. ತಡವಾಗಿ ಕತ್ತರಿಸಿದ ಗೊನೆಯಲ್ಲಿ ಕಾಯಿ ನೀಲಿ ತಿರುಗಿದ್ದರೆ ಗೊಬ್ಬರದ ಗುಂಡಿಗೆ ಹಾಕಬೇಡಿ, ಅಲ್ಲೇ ಮೊಳೆಯುತ್ತದೆ.